ಮಣ್ಣಿಗೆ ಮುಂಚೆ ಹೋದ ಕಾಲು

ಮುಳ್ಳು ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ.

ಯಲಹಂಕದಿಂದ ಹುಣಸಮಾರನಹಳ್ಳಿಗೆ ನಡೆದು ಹೋಗಿ, ಪಟೇಲರ ಮನೆ ಜಗಲಿಯ ಮೇಲೆ ಕೂತು ಹೆಂಗಸರಿಗೆ ಅಕ್ಷರ ತಿದ್ದಿಸಿ, ಕಥೆ ಹೇಳಿ, ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ಬಲಗಾಲಿನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಬುಡದವರೆಗೂ ಇಳಿದಿತ್ತು. ಕಿತ್ತೆ. ರಕ್ತ ಬಂತು. ನೋವು ಬರಲಿಲ್ಲ. ನಮ್ಮ ಮನೆಯವರನ್ನು ಕರೆದು ತೋರಿಸಿ, "ನೋಡ್ರೀ, ನನ್ ಕಾಲು ಎಷ್ಟು ಗಟ್ಟಿ, ಮುಳ್ಳಿಗೇ ನಾಚಿಕೆ ಆಗ್ಬೇಕು" ಅಂತ ಜಂಬ ಕೊಚ್ಚಿಕೊಂಡೆ. ಅವರು ಯಲಹಂಕ ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹೆಚ್ಚು ಮಾತಿನವರಲ್ಲ. ಗಾಯಕ್ಕೆ ಅರಿಶಿನ ಮೆತ್ತಿದರು.

ಚೀನಾದವರ ಜೊತೆ ಯುದ್ಧ ನಿಂತು ಚಳಿಗಾಲ ಮುಗಿಯುತ್ತಿದ್ದ ದಿನಗಳು ಅವು.

ನನ್ನ ಜಂಬಕ್ಕೆ ಕಾರಣ ಇತ್ತು. ಮಿಷನ್ನಿನವರು ನನ್ನನ್ನು ಸುತ್ತಲ ಹಳ್ಳಿಗಳಿಗೆ ಕಳಿಸುತ್ತಿದ್ದರು. ಹೆಂಗಸರಿಗೆ ಓದು, ಬರಹ, ಮಕ್ಕಳ ಶುಚಿ, ಆಮೇಲೆ ಯೇಸುಸ್ವಾಮಿಯ ಕಥೆಗಳು. ಆ ಹಳ್ಳಿಗಳಲ್ಲಿ ಜೀವರತ್ನಮ್ಮ ಅನ್ನುವ ನನ್ನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಎಲ್ಲರಿಗೂ ನಾನು ಕತೆಯಮ್ಮ. ಬಸ್ಸು ಸಿಗುವ ಕಡೆಗೂ ನಡೆದೇ ಹೋಗುತ್ತಿದ್ದೆ. ಈ ಕಾಲುಗಳು ನನ್ನ ಉದ್ಯೋಗ, ನನ್ನ ಮರ್ಯಾದೆ, ಎಲ್ಲವೂ ಆಗಿದ್ದವು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಮ್ಮ ಕ್ರೈಸ್ತ ಸಭೆಯಲ್ಲಿ ಈಸ್ಟರ್ ಬೆಳಗಿನ ಆರಾಧನೆ ನಡೆಯುವುದು ಸ್ಮಶಾನದಲ್ಲಿ, ಸಮಾಧಿಗಳ ನಡುವೆ. ಅದಕ್ಕೂ ಮೊದಲು ಒಬ್ಬ ಹೆಂಗಸು ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ, "ಕರ್ತನು ಎದ್ದಿದ್ದಾನೆ!" ಎಂದು ಕೂಗಬೇಕು. ಒಳಗಿನವರು "ನಿಜವಾಗಿಯೂ ಎದ್ದಿದ್ದಾನೆ!" ಅಂದಮೇಲೆಯೇ ಬಾಗಿಲು ತೆರೆಯಬೇಕು. ಯೇಸುಸ್ವಾಮಿಯ ಖಾಲಿ ಸಮಾಧಿಯನ್ನು ಮೊದಲು ಕಂಡು ಓಡಿಬಂದು ಹೇಳಿದವರು ಹೆಂಗಸರಲ್ಲವೇ, ಅದಕ್ಕೇ ಈ ಕೆಲಸ ಗಂಡಸರಿಗಿಲ್ಲ. ನಮ್ಮ ಅತ್ತೆ ಮಾಡುತ್ತಿದ್ದರು. ಅವರ ನಂತರ ನಾನು. ಜ್ವರ ಬಂದ ವರ್ಷವೂ ಬಿಟ್ಟವಳಲ್ಲ.

ಗಾಯ ಮಾಯಲಿಲ್ಲ. ಪಾದ ಊದಿತು. ಕಿರುಬೆರಳು ಕಪ್ಪಾಯಿತು. ಆಗಲೂ ನೋವಿಲ್ಲ, ಹಾಗಾಗಿ ನಾನು ನಿಲ್ಲಲಿಲ್ಲ. ಬಟ್ಟೆ ಸುತ್ತಿಕೊಂಡು ನಡೆದೆ. ಒಂದು ದಿನ ನಮ್ಮ ಮನೆಯವರು ಡ್ಯೂಟಿ ಮುಗಿಸಿ ಬಂದವರೇ ಮೂಗು ಮುಚ್ಚಿಕೊಂಡರು. "ಎಲ್ಲೋ ಇಲಿ ಸತ್ತಿದೆ ಕಣೇ" ಅಂದರು. ಮಂಚದ ಕೆಳಗೆ ಹುಡುಕಿದೆವು. ರಾಗಿ ಮೂಟೆ ಸರಿಸಿದೆವು. ಒಲೆಯ ಹಿಂದೆ ನೋಡಿದೆವು.

ವಾಸನೆ ನನ್ನ ಕಾಲಿನಿಂದ ಬರುತ್ತಿತ್ತು.

ಪೇಟೆಯ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್ ಎಲ್ಲ ಆಯಿತು. ಸರ್ಜನ್ ವಯಸ್ಸಾದವರು, ನಮ್ಮ ಧರ್ಮದವರೇ. ಡಯಾಬಿಟಿಸ್ ಅಂದರು. ಬಹಳ ಕಾಲದಿಂದ ಇರಬೇಕು, ಅದಕ್ಕೇ ಪಾದದ ನರಗಳು ಸತ್ತಿವೆ, ನೋವು ಗೊತ್ತಾಗಿಲ್ಲ ಅಂದರು. ನಾನು ಗಟ್ಟಿತನ ಅಂದುಕೊಂಡು ಮೆರೆಸಿದ್ದು ಕಾಯಿಲೆಯನ್ನು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು. ಗ್ಯಾಂಗ್ರೀನ್.

"ಮೊಣಕಾಲಿನ ಕೆಳಗೆ ತೆಗೀಬೇಕಮ್ಮ. ತಡ ಮಾಡಿದ್ರೆ ಜೀವಕ್ಕೇ ಬರುತ್ತೆ."

"ತೆಗೀಬೇಡಿ" ಅಂದೆ.

ನನ್ನ ತರ್ಕ ನನಗೆ ಸ್ಪಷ್ಟವಾಗಿತ್ತು. ಪ್ರತಿ ಭಾನುವಾರ ಸಭೆಯಲ್ಲಿ ಎದ್ದು ನಿಂತು, ಶರೀರ ಮತ್ತೆ ಏಳುತ್ತದೆ ಎಂದು ಗಟ್ಟಿ ದನಿಯಲ್ಲಿ ಒಪ್ಪಿಕೊಳ್ಳುವವಳು ನಾನು. ಆತ್ಮ ಎಲ್ಲೋ ಹಾರಿಹೋಗುವ ಮಾತಲ್ಲ ಅದು. ಈ ಕೈ, ಈ ಕಣ್ಣು, ಈ ಕಾಲು. ಹಳ್ಳಿಹಳ್ಳಿಯಲ್ಲೂ ಹೀಗೇ ಹೇಳಿದ್ದೆ. ಹಾಗಿರುವಾಗ ಒಂದು ಕಾಲನ್ನು ಆಸ್ಪತ್ರೆಯ ಹಿಂದಿನ ಬೂದಿಗುಂಡಿಗೆ ಹಾಕಿ, ಮಿಕ್ಕಿದ್ದನ್ನು ಮಣ್ಣಿಗೆ ಒಯ್ಯುವುದೇ? ಸತ್ತರೂ ಸರಿ, ಪೂರ್ತಿ ಮೈಯಲ್ಲಿ ಹೋಗುತ್ತೇನೆ, ಪೂರ್ತಿ ಮೈಯಲ್ಲಿ ಏಳುತ್ತೇನೆ ಅಂದುಕೊಂಡೆ.

ಸರ್ಜನ್ ಕೋಪಿಸಿಕೊಳ್ಳಲಿಲ್ಲ. "ದೇವರಿಗೆ ಹೊಸ ಕಾಲು ಕೊಡೋದು ಕಷ್ಟಾನಾ ಅಮ್ಮ?" ಅಂದರು.

"ಹೊಸದು ಬೇಡ ಡಾಕ್ಟ್ರೇ. ನಂದೇ ಬೇಕು."

ನಮ್ಮ ಪಾದ್ರಿ ಅಯ್ಯನವರನ್ನು ಕರೆಸಿದರು. ಪಾಪ, ಒಳ್ಳೆಯವರು, ನನಗಿಂತ ಚಿಕ್ಕವರು. ಮಂಚದ ಪಕ್ಕ ಕೂತು, "ಆತ್ಮ ಮುಖ್ಯ ಅಮ್ಮ, ದೇಹ ಬರೀ ಗುಡಾರ" ಅಂತ ಶುರು ಮಾಡಿದರು. ನನಗೆ ಮೈ ಉರಿಯಿತು.

"ಆತ್ಮ ಒಂದೇ ಸಾಕಾಗಿದ್ರೆ ಆವತ್ತು ಸಮಾಧಿ ಯಾಕೆ ಖಾಲಿ ಆಗ್ಬೇಕಿತ್ತು ಅಯ್ಯನವರೇ? ದೇಹ ಅಲ್ಲೇ ಬಿದ್ದಿರಬಹುದಿತ್ತಲ್ಲ?"

ಅವರು ಪ್ರಾರ್ಥನೆ ಮಾಡಿ ಎದ್ದು ಹೋದರು. ವಾದದಲ್ಲಿ ಗೆದ್ದೆ. ಕಪ್ಪು ಮಾತ್ರ ಬೆರಳಿನಿಂದ ಪಾದಕ್ಕೆ ಏರಿತು. ನಮ್ಮ ಮನೆಯವರು "ನಿನ್ ಇಷ್ಟ ಕಣೇ" ಅಂದು ವರಾಂಡಕ್ಕೆ ಹೋದರು. ಅಲ್ಲಿ ಕಂಬಕ್ಕೆ ಮುಖ ಮಾಡಿ ಅಳುತ್ತಿದ್ದದ್ದು ನನ್ನ ಮಂಚಕ್ಕೆ ಕಾಣುತ್ತಿತ್ತು. ಆ ಮನುಷ್ಯ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಸಾವಿಗೆ ಅಷ್ಟಲ್ಲ. ಇವರನ್ನು ಒಬ್ಬರನ್ನೇ ಬಿಟ್ಟುಹೋಗುವುದಕ್ಕೆ.

ಆದರೂ ಬಾಯಿ ಬಿಟ್ಟು ಹೂಂ ಅನ್ನಲಿಲ್ಲ.

ಜ್ವರ ಏರಿದ ದಿನ ಮಧ್ಯಾಹ್ನ ಹುಣಸಮಾರನಹಳ್ಳಿಯ ಪಿಳ್ಳಮ್ಮ ಬಂದಳು. ಪಟೇಲರ ಹೆಂಡತಿ, ನನಗಿಂತ ಹಿರಿಯಳು, ಹೊಲ ಗದ್ದೆ ದ್ರಾಕ್ಷಿತೋಟ ಎಲ್ಲ ಅವಳ ಬಾಯಿ ಮೇಲೆ ನಡೆಯುತ್ತಿತ್ತು. ನನ್ನ ಕಥೆಗಳನ್ನು ಅವಳಷ್ಟು ಆಸೆಯಿಂದ ಕೇಳಿದವರಿಲ್ಲ. ಹಾಗಂತ ಅವಳು ನಮ್ಮ ಸಭೆಗೆ ಸೇರಿದವಳಲ್ಲ, ಸೇರುವವಳೂ ಅಲ್ಲ. ಅವಳ ಮನೆದೇವರು ಅವಳಿಗೆ. ನರ್ಸ್ ಬಾಗಿಲಲ್ಲಿ ತಡೆದರೆ, "ಓಗಮ್ಮ ಅತ್ಲಾಗೆ" ಅಂದು ಒಳಗೆ ನುಗ್ಗಿದಳು. ಕೈಯಲ್ಲಿ ರಾಗಿ ಹುರಿಹಿಟ್ಟಿನ ಡಬ್ಬಿ. "ಬೆಲ್ಲ ಆಕಿಲ್ಲ, ಸಕ್ಕರೆ ಕಾಯ್ಲೆ ಅಂದ್ರು" ಎಂದು ತಲೆದೆಸೆಯಲ್ಲಿ ಇಟ್ಟಳು.

"ಏನ್ ಕತೆಯಮ್ಮ, ಕಾಲು ಕೊಡಕ್ಕಿಲ್ಲ ಅಂತ ಅಟ ಇಡಿದಿದ್ದೀಯಂತೆ?"

ನಾನು ಎಲ್ಲ ವಿವರಿಸಿದೆ. ಪೂರ್ತಿ ಮೈ, ಮಣ್ಣು, ಏಳುವುದು. ಅವಳು ಎಲೆಅಡಿಕೆ ಜಗಿಯುತ್ತಾ ಕೇಳಿದಳು. ಕಿಟಕಿಯಾಚೆ ಉಗಿದು ಬಂದು ಕೂತಳು.

"ಒಂದ್ ಮಾತು ಕೇಳ್ತೀನಿ. ನಿಮ್ ಸ್ವಾಮಿ ಸಮಾದಿಯಿಂದ ಎದ್ ಬಂದ್ನಲ್ಲ, ಆಗ ಅವನ ಕೈ ಎಂಗಿತ್ತು?"

"ಮೊಳೆ ಹೊಡೆದ ಗಾಯ ಇತ್ತು ಪಿಳ್ಳಮ್ಮನೋರೆ."

"ತೂತು ಅಂಗೇ ಇತ್ತಾ?"

"ಇತ್ತು. ನಂಬದೆ ಇದ್ದ ಶಿಷ್ಯ ಬೆರಳಿಟ್ಟು ನೋಡಲಿ ಅಂತ ತೋರಿಸಿದ."

"ಅಲ್ಲ ಕಣಮ್ಮ, ಸತ್ತೋನ್ನೇ ಎಬ್ಸಿದ್ ದೇವ್ರಿಗೆ ಒಂದ್ ತೂತು ಮುಚ್ಚಕ್ಕಾಗ್ಲಿಲ್ವಾ?"

ಉತ್ತರಕ್ಕೆ ಕಾಯದೆ, ಕೂತಿದ್ದ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಆಗ್ದೆ ಏನು, ಬೇಕು ಅಂತ್ಲೇ ಇಟ್ಕಂಡವ್ನೆ. ಇದು ನನ್ ಮೈಯೇ, ನಾನ್ ಪಟ್ಟಿದ್ದೇ ಅಂತ ಗುರ್ತಿಗೆ. ಅವನೇ ತೂತಿರೋ ಕೈ ಇಟ್ಕಂಡು ನಾಚ್ಕೆ ಇಲ್ದೆ ಓಡಾಡ್ವಾಗ, ನಿನಗ್ಯಾಕೆ ಪೂರ್ತಿ ಮೈ ಜಂಬ? ನೀನೇ ನಮ್ಮನೆ ಜಗಲೀಲಿ ಕೂತು ಏಳಿದ್ ಕತೆ ಇದು. ಕೇಳಿದ್ ನಾವು ನಂಬಿದ್ವಿ. ಏಳಿದೋಳು ನೀನೇ ನಂಬಕ್ಕಿಲ್ವಾ?"

ಮೊದಲು ಸಿಟ್ಟು ಬಂತು. ಆಮೇಲೆ ನಗು. ನಗುತ್ತಾ ನಗುತ್ತಾ ಅಳು ಬಂದು, ಅವಳ ಸೆರಗಿನಲ್ಲೇ ಮುಖ ಒರೆಸಿಕೊಂಡೆ. ಆ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ನಂಬದವನಿಗೆ ಬುದ್ಧಿ ಕಲಿಸಿದ ಕಥೆಯಾಗಿ ಹೇಳಿದ್ದೆ. ಎದ್ದ ಮೈಯಲ್ಲೂ ಗಾಯ ಇತ್ತು, ಅದನ್ನು ಆತ ಮುಚ್ಚಿಡಲಿಲ್ಲ, ಮುಂದೆ ಚಾಚಿ ತೋರಿಸಿದ ಎನ್ನುವುದು ನನ್ನ ಬಾಯಿಂದಲೇ ಹೋಗಿ, ಇನ್ನೊಬ್ಬಳ ಕಿವಿಯಲ್ಲಿ ಕೂತು, ನನಗೆ ಬೇಕಾದ ದಿನ ತಿರುಗಿ ಬಂತು.

ಸರ್ಜನ್‌ರನ್ನು ಕರೆಸಿದೆ. "ತೆಗೀರಿ. ಆದರೆ ಕಾಲು ನನಗೆ ಕೊಡಬೇಕು. ಸ್ಮಶಾನದಲ್ಲಿ ಹೂಳಿಸ್ತೀನಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಯ್ತಮ್ಮ" ಅಂದರು.

ಆಪರೇಷನ್ ಆಯಿತು. ಎಚ್ಚರವಾದಾಗ ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆ.

ಕಾಲನ್ನು ನಮ್ಮ ಮನೆಯವರೇ ಒಯ್ದರು. ರೈಲ್ವೆಯ ಬಡಗಿಯಿಂದ ಮಾಡಿಸಿದ ಹಲಗೆ ಪೆಟ್ಟಿಗೆ, ಬಿಳಿ ಬಟ್ಟೆ. ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಯಶವಂತಪುರದಲ್ಲಿ ಹತ್ತಿದ ಯಾರೋ, "ಏನ್ ಯಜಮಾನ್ರೇ, ಅಷ್ಟು ಜೋಪಾನ?" ಅಂದದ್ದಕ್ಕೆ, "ನಮ್ ಮನೆಯವಳ ಸಾಮಾನು" ಅಂದರಂತೆ. ಇದನ್ನು ಅವರು ಹೇಳಿದ ದಿನ ಹೊಲಿಗೆ ಬಿಚ್ಚುವಷ್ಟು ನಕ್ಕೆ.

ಸಭೆಯ ಹಿರಿಯರೊಬ್ಬರು ತಕರಾರು ತೆಗೆದರು. ಸ್ಮಶಾನದ ಜಾಗ ಸತ್ತವರಿಗೆ, ಬದುಕಿರುವವರ ತುಂಡಿಗಲ್ಲ ಅಂದರು. ನನ್ನ ಜೊತೆ ವಾದದಲ್ಲಿ ಸೋತಿದ್ದ ಅಯ್ಯನವರು ಆಗ ಗಟ್ಟಿಯಾಗಿ ನಿಂತರು. ನಮ್ಮ ಅತ್ತೆಯ ಸಮಾಧಿ ಪಕ್ಕ, ನನಗೆಂದೇ ಬಿಟ್ಟಿದ್ದ ಜಾಗದಲ್ಲಿ ಗುಂಡಿ ತೆಗೆಸಿದರು. ಓದಲು ಯಾವ ಪ್ರಾರ್ಥನೆಯೂ ಇರಲಿಲ್ಲ. ಸತ್ತವರದ್ದು ಓದುವಂತಿಲ್ಲ, ನಾನು ಬದುಕಿದ್ದೆ. ಕಡೆಗೆ ಅಯ್ಯನವರು ಶರೀರ ಏಳುತ್ತದೆ ಎಂದು ನಂಬುತ್ತೇನೆ ಅಂದರು, ನಮ್ಮ ಮನೆಯವರು ಆಮೆನ್ ಅಂದರು. ಅಷ್ಟೇ. ಬೇರೆ ಯಾರೂ ಇರಲಿಲ್ಲ. ಆ ಇಬ್ಬರು ಗಂಡಸರ ಬಗ್ಗೆ ನನಗಿರುವ ಹೆಮ್ಮೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಇದ್ದಾಗ ಮುಳ್ಳು ಚುಚ್ಚಿದರೂ ಗೊತ್ತಾಗದ ಹಿಮ್ಮಡಿ, ಇಲ್ಲದೆ ಹೋದಮೇಲೆ ನೋಯಲು ಶುರುವಾಯಿತು. ಉರಿ, ತುರಿಕೆ, ಸೆಳೆತ. ಕೆರೆಯಲು ಕೈ ಚಾಚಿದರೆ ಅಲ್ಲಿ ಹಾಸಿಗೆ. ನರಗಳ ಚೇಷ್ಟೆ ಅಂದರು ಡಾಕ್ಟರು. ಇರಬಹುದು. ನನಗೆ ಮಾತ್ರ, ಮೈ ತನ್ನದನ್ನು ಮರೆಯುವುದಿಲ್ಲ ಅನ್ನಿಸಿತು. ಆ ಮೈಯನ್ನು ಮಾಡಿದವನು ಮರೆಯುತ್ತಾನೆಯೇ?

ಈಗ ಬೆಳಿಗ್ಗೆ ಎದ್ದರೆ ಇನ್ಸುಲಿನ್ ಚುಚ್ಚಬೇಕು. ರೈಲಿನ ಹಳಿ ತಿರುಗಿಸುವ ಆ ಒರಟು ಕೈ ಸಿರಿಂಜ್ ಹಿಡಿಯಲು ಕಲಿತಿದೆ. ಆಮೇಲೆ ಡ್ರೆಸ್ಸಿಂಗ್. ಆಮೇಲೆ ಮುದ್ದೆ ಇಷ್ಟೇ, ಅನ್ನ ಅಷ್ಟೇ ಎನ್ನುವ ಜಗಳ. ಮಂಚದಿಂದ ಇಳಿಯುವಾಗ ಇವತ್ತಿಗೂ ಬಲಗಾಲು ಮೊದಲು ಊರಲು ಹೋಗುತ್ತೇನೆ, ಮುಗ್ಗರಿಸುತ್ತೇನೆ, ಬೈದುಕೊಳ್ಳುತ್ತೇನೆ. ಕೆಲವು ದಿನ ಏಳುವುದೇ ಬೇಡ ಅನ್ನಿಸುತ್ತದೆ. ಮೊದಲೆಲ್ಲ ನಂಬುವುದು ಅಂದರೆ ಭಾನುವಾರ ಗಟ್ಟಿಯಾಗಿ ಹೇಳುವ ಮಾತು ಅಂದುಕೊಂಡಿದ್ದೆ. ಈಗ ದಿನಾ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು, ಇರುವ ಒಂದು ಕಾಲನ್ನು ನೆಲಕ್ಕೆ ಊರುವ ಕೆಲಸ ಅಂತ ಗೊತ್ತಾಗಿದೆ.

ನಾನು ಆಸ್ಪತ್ರೆಯಿಂದ ಮನೆಗೆ ಬಂದ ಸ್ವಲ್ಪ ದಿನಕ್ಕೇ ಈಸ್ಟರ್ ಹತ್ತಿರ ಬಂತು. ಮನೆ ಮನೆಗೆ ಕೂಗಲು ಈ ವರ್ಷ ಬೇರೆ ಯಾರನ್ನಾದರೂ ನೇಮಿಸೋಣ ಅಂತ ಹಿರಿಯರು ಮಾತಾಡಿಕೊಂಡರಂತೆ. ಕೇಳಿ ಕೆಂಡವಾದೆ. "ನಾನಿನ್ನೂ ಸತ್ತಿಲ್ಲ ಅಂತ ಹೇಳಿ" ಅಂತ ನಮ್ಮ ಮನೆಯವರನ್ನು ಅಟ್ಟಿದೆ. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಹಿತ್ತಲಲ್ಲಿ ಅಭ್ಯಾಸ ಮಾಡಿದೆ. ಎರಡು ಸಲ ಬಿದ್ದೆ. ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಈಸ್ಟರ್ ದಿನ ಬೆಳ್ಳಿ ಮೂಡುವ ಹೊತ್ತಿಗೆ ಹೊರಟೆವು. ಅವರ ಕೈಯಲ್ಲಿ ರೈಲ್ವೆ ಲಾಟೀನು. ಮೊದಲ ಬಾಗಿಲಿಗೆ ಕೈಯಲ್ಲಿ ತಟ್ಟಲು ಆಗಲಿಲ್ಲ, ಎರಡೂ ಕೈ ಕೋಲಿನ ಮೇಲಿದ್ದವು. ಊರುಗೋಲಿನಿಂದಲೇ ಕುಟ್ಟಿದೆ.

"ಕರ್ತನು ಎದ್ದಿದ್ದಾನೆ!"

ಮರದ ಏಟಿನ ಶಬ್ದ ಅವರಿಗೆ ಹೊಸದು, ದನಿ ಹಳೆಯದು. ಒಳಗಿನಿಂದ ಒಂದು ಹೆಂಗಸಿನ ಕೂಗು, "ಅಯ್ಯೋ, ಜೀವರತ್ನಮ್ಮ ಬಂದವ್ರೆ ಕಣ್ರೀ!" ಅದರ ಹಿಂದೆಯೇ ಇಡೀ ಮನೆ ಒಟ್ಟಿಗೆ, "ನಿಜವಾಗಿಯೂ ಎದ್ದಿದ್ದಾನೆ!" ಅಷ್ಟು ಜೋರಾಗಿ ಆ ಮನೆಯವರು ಯಾವ ವರ್ಷವೂ ಹೇಳಿರಲಿಲ್ಲ.

ಎಲ್ಲ ಮನೆಗಳಿಗೂ ಹೋಗಲು ಆಗಲಿಲ್ಲ. ಕಡೆಯ ಬೀದಿಗೆ ಬರುವಷ್ಟರಲ್ಲಿ ಕಂಕುಳು ಸುಲಿದಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಆದರೆ ಆ ಬೀದಿಯವರು ಕೇಳಿಸಿಕೊಂಡಿದ್ದರು. ತಾವೇ ಬಾಗಿಲು ತೆರೆದು, ದೀಪ ಹಿಡಿದು, ನಾನು ಕೂತಲ್ಲಿಗೇ ಬಂದು ಉತ್ತರ ಕೊಟ್ಟರು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಸ್ಮಶಾನದಲ್ಲಿ ಎಲ್ಲರೂ ತಮ್ಮವರ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿದರು. ನಾನು ಅತ್ತೆಗೆ ಹಚ್ಚಿದೆ. ಪಕ್ಕದ ಪುಟ್ಟ ಮಣ್ಣಿನ ಗುಡ್ಡೆಗೂ ನಮ್ಮ ಮನೆಯವರು ಬಗ್ಗಿ ಒಂದು ಹಚ್ಚಿದರು. ಎದ್ದು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ, "ಬಸ್ಸಲ್ಲಿ ಟವಲ್ ಹಾಕಿ ಸೀಟು ಹಿಡ್ಕೊಂಡ ಹಾಗಾಯ್ತಲ್ಲೇ" ಅಂದರು. ಕಡಿಮೆ ಮಾತಿನವರಿಗೂ ಕೆಲವೊಮ್ಮೆ ನಾಲಗೆ ಬರುತ್ತದೆ.

ಸಭೆಗೆ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಆ ಗುಡ್ಡೆ ನೋಡಿ ಕನಿಕರದಿಂದ, "ಮಗುವಿಂದಾ ಅಮ್ಮ?" ಅಂದಳು.

"ಇಲ್ಲಮ್ಮ. ನಂದೇ" ಅಂದೆ.

ಅವಳು ನನ್ನ ಮುಖ ನೋಡಿದಳು, ಸೀರೆಯ ಅಂಚಿನ ಕೆಳಗೆ ನೋಡಿದಳು, ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಭುಜ ತಟ್ಟಿದೆ. ಮೂಡಣದಲ್ಲಿ ಕೆಂಪು ಹರಡುತ್ತಿತ್ತು, ಅಯ್ಯನವರು ಎಲ್ಲರಿಗೂ ಎದ್ದು ನಿಲ್ಲಿ ಅಂದರು.

"ಅದು ಮುಂಚೆ ಬಂದಿದೆ ಕಣಮ್ಮ. ನನಗಿನ್ನೂ ಊರ ಮೇಲೆ ಕೆಲಸ ಇದೆ, ನಿಧಾನಕ್ಕೆ ಬರ್ತೀನಿ. ಏಳೋದು ಮಾತ್ರ ಇಬ್ಬರೂ ಒಟ್ಟಿಗೇ."