ಕಾಣದಂತೆ ಕೂರುವ ವಿದ್ಯೆ

ಊರವರ ಗಿಡಗಳಿಗೆಲ್ಲ ಔಷಧ ಹೇಳುವವಳು ನಾನು. ನನ್ನದೇ ಕರಿಬೇವಿನ ಮೇಲೆ ನಾಲ್ಕು ದಿನದಿಂದ ಕೂತಿದ್ದ ಹುಳವನ್ನು ಮಾತ್ರ ಹಕ್ಕಿಯ ಹಿಕ್ಕೆ ಎಂದೇ ತಿಳಿದಿದ್ದೆ. ಪೆರಂಬೂರಿನ ನಮ್ಮ ಬಾಲ್ಕನಿಯಲ್ಲಿ ಕಾಗೆಗಳಿಗೇನು ಬರ? ಒಂದು ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದೆ. "ಅಮ್ಮಾ, ಅದು ನಗರುದು!" ಎಂದು ಮಗಳು ಕಿರುಚಿದಳು. ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಮಗಳು ಅವಳು. ಹೌದು, ಹಿಕ್ಕೆ ಮೆಲ್ಲಗೆ ತೆವಳುತ್ತಿತ್ತು. ಬಟ್ಟೆ ಹಿಂದಕ್ಕೆಳೆದುಕೊಂಡೆ.

ಅದು ಚಿಟ್ಟೆಯ ಮರಿಹುಳವಂತೆ. ತನ್ನದೇ ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು ಹೇಳಿ? ಕೆಲವೇ ದಿನಗಳಲ್ಲಿ ಅದೇ ಹುಳ ಎಲೆಹಸಿರಾಗಿ, ತಲೆಯ ಹಿಂದೆ ಎರಡು ಸುಳ್ಳು ಕಣ್ಣು ಬರೆಸಿಕೊಂಡು ಕೂತಿತ್ತು. ಮುಟ್ಟಿದರೆ ಹಾವಿನ ನಾಲಗೆಯಂಥ ಕೆಂಪು ಕವಲು ಹೊರಗೆ! ನಿಜವಾದ ಕಣ್ಣು ಎಲ್ಲಿದೆಯೋ ಕಾಣದು. ಇಲ್ಲದ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಆಮೇಲೆ ಒಗ್ಗರಣೆಗೆ ಎಲೆ ಕೀಳಹೋದಾಗಲೆಲ್ಲ ಕೈ ಹಿಂಜರಿಯಿತು. ಗೋಡೆಯ ಕಲೆಯೂ ಉಸಿರಾಡುತ್ತಿದೆಯೇನೋ ಅನ್ನಿಸತೊಡಗಿತು. ನಾವು ನೋಡುತ್ತಿರುವಾಗಲೇ ನಮಗೆ ಕಾಣದೆ ಎಷ್ಟು ಜೀವಗಳು ಕೂತಿವೆಯೋ, ಯಾರಿಗೆ ಗೊತ್ತು?

ಬಣ್ಣವೊಂದೇ ಸಾಲದು, ಅಲುಗಾಡಲೂಬಾರದು. ತೊಗಟೆಯ ಬಣ್ಣದ ಪತಂಗ, ಹಕ್ಕಿ ಪಕ್ಕದಲ್ಲೇ ಬಂದು ಕೂತರೂ ರೆಕ್ಕೆ ಮಿಸುಕಿಸದು. ಈ ವಿದ್ಯೆ ನನಗೂ ಗೊತ್ತು. ಅಪ್ಪ ಇದೇ ತಮಿಳು ಊರಿನ ರೈಲ್ವೆ ವರ್ಕ್‌ಶಾಪಿನ ಹತ್ತಿರ ಉಡುಪಿ ಮೆಸ್ ನಡೆಸುತ್ತಿದ್ದರು. ನದಿ ನೀರಿನ ಗಲಾಟೆ ಎದ್ದಾಗಲೆಲ್ಲ ಬೋರ್ಡಿನ ಕನ್ನಡದ ಮೇಲೆ ಕ್ಯಾಲೆಂಡರ್ ತೂಗುಹಾಕಿ, "ಹೊರಗೆ ಯಾರಾದ್ರೂ ಕನ್ನಡ ಮಾತಾಡಿದ್ರೆ ತಿರುಗಿ ನೋಡ್ಬೇಡ ಮಗಾ" ಎನ್ನುತ್ತಿದ್ದರು. ಗಲಾಟೆ ನಿಂತಿತು, ಕ್ಯಾಲೆಂಡರೂ ಇಳಿಯಿತು. ಆದರೆ ಇಂದಿಗೂ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನನ್ನ ಮುಖ ತನ್ನಷ್ಟಕ್ಕೇ ಏನೂ ತಿಳಿಯದವಳ ಮುಖವಾಗುತ್ತದೆ. ಇದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತೆನ್ನಿ.

ಆ ವಾರವೇ ಕೆಮ್ಮೆಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕರಾವಳಿಯ ಕಡೆಯ ಒಬ್ಬ ಹೆಂಗಸು. ಎದುರಿನ ಮಂಚದಲ್ಲಿ ಅವಳ ಗಂಡ, ಯಾವುದೋ ಹೋಟೆಲಿನ ಅಡುಗೆಯವನು, ಜ್ವರದಿಂದ ಕಣ್ಣು ಬಿಡಲಾರ. ನರ್ಸ್ ಸಿರಿಂಜು ತಂದದ್ದೇ ತಡ, ಹೆಂಗಸು ಎದ್ದು ನಿಂತಳು. "ಬೇಡ ಮಾರಾಯ್ತಿ! ಹೋದ ಸಲ ಇಂಜೆಕ್ಷನ್ ಕೊಟ್ಟು ಇವರ ಉಸಿರೇ ಕಟ್ಟಿತ್ತು!" ಕನ್ನಡ ಬಾರದ ನರ್ಸ್ ಇವಳು ಸೂಜಿಗೆ ಹೆದರಿದಳೆಂದುಕೊಂಡು, "ಬಯಪ್ಪಡಾದೀಂಗಮ್ಮಾ" ಎಂದು ನಗುತ್ತ ಧೈರ್ಯ ಹೇಳಿ ಅವನ ತೋಳಿಗೆ ಹತ್ತಿ ಸವರಿದಳು.

ನನಗೆ ಒಂದೊಂದು ಮಾತೂ ಅರ್ಥವಾಗಿತ್ತು. ಆದರೂ ಕೂತಿದ್ದೆ. ಬಾಯಿ ತೆರೆಯೆಂದು ಮನಸ್ಸು ಬಡಿದುಕೊಳ್ಳುತ್ತಿದೆ, ಮುಖ ಮಾತ್ರ ಗೋಡೆ ನೋಡುತ್ತ ಕೂತಿದೆ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಸೂಜಿ ಚರ್ಮದ ಹತ್ತಿರ ಬಂದಾಗ ನನ್ನ ಗಂಟಲಿನಿಂದ ಕೂಗು ಹೊರಬಿತ್ತು. ನರ್ಸಿನ ಕೈ ನಿಂತಿತು. ಅವಳಿಗೆ ತಮಿಳಿನಲ್ಲಿ ಎಲ್ಲ ಹೇಳಿದೆ. ಅವಳು ಡಾಕ್ಟರ ಬಳಿಗೆ ಓಡಿದಳು.

"ಹೆದರ್ಬೇಡಿ, ಹೇಳಿದ್ದೇನೆ. ಇನ್ನು ಕೇಳದೆ ಏನೂ ಕೊಡುವುದಿಲ್ಲ," ಎಂದೆ ಕನ್ನಡದಲ್ಲಿ.

ಹೆಂಗಸು ಬೆಚ್ಚಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅಯ್ಯೋ, ನೀವು ಆಗಳಿಂದ ಇಲ್ಲೇ ಇದ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರ್ಧ ಗಂಟೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ ಅವಳಿಗೆ ನಾನು ನಿಜಕ್ಕೂ ಕಂಡಿರಲೇ ಇಲ್ಲ.