ತಾಂತಿ ಅಯಾಂಥಿ ಕೇಳಿದ ಬಡಿತ

ನಮ್ಮ ಕ್ಯಾರಿಯಾಕೂ ದ್ವೀಪಕ್ಕೆ ಬರುವ ಪ್ರವಾಸಿಗಳಿಗೆ ಮೂರೇ ಕೆಲಸ. ಮರಳುದಿಬ್ಬದ ಸುತ್ತ ನೀರಿನಲ್ಲಿ ಮುಖ ಮುಳುಗಿಸಿ ಮೀನು ನೋಡುವುದು, ಆಮೆಗಳ ಬೆನ್ನು ಹತ್ತುವುದು, ಕೊನೆಗೆ ಮೂಗು ಕೆಂಪಗೆ ಮಾಡಿಕೊಂಡು ಅಯಾಂಥಿ ಕ್ವಾಶಿಯ ಹಿಂದೆ ಗುಡ್ಡ ಹತ್ತಿ ಹಳೆಯ ಗಾಳಿಗಿರಣಿ ನೋಡುವುದು. ಮೊದಲ ಎರಡಕ್ಕೆ ನನ್ನ ದೋಣಿ ಇದೆ. ಮೂರನೆಯದು ಅವಳ ರಾಜ್ಯ.

ಅವಳನ್ನು ಊರೆಲ್ಲ ತಾಂತಿ ಎನ್ನುತ್ತದೆ, ಅತ್ತೆ ಎಂದರ್ಥ. ವಯಸ್ಸು ಎಪ್ಪತ್ತರ ಹತ್ತಿರ. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದಳು, ನಿಂಬೆ ಆಯ್ದಳು. ಕಟ್ಟಿಕೊಂಡ ಗಂಡ ಸರಕಿನ ಹಡಗು ಹತ್ತಿ ಟ್ರಿನಿಡಾಡ್‌ಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. “ಹೋಗ್ಲಿ ಬಿಡು, ಗೊರಕೆ ತಪ್ತು” ಎಂದಳಂತೆ. ಮಕ್ಕಳಿಲ್ಲ. ಅಪ್ಪ ತೀರಿಕೊಂಡ ಮೇಲೆ ಗಿರಣಿಯಿಂದ ಕಡಲಿನವರೆಗಿನ ಇಳಿಜಾರು, ಅದರ ಮೇಲೆ ಎರಡು ಕೋಣೆಯ ಮರದ ಮನೆ, ಹದಿನೇಳು ಆಡು, ಇಷ್ಟನ್ನು ಕಾಯುವುದೇ ಅವಳ ಬದುಕಾಯಿತು.

ಪ್ರವಾಸಿಗಳಿಗೆ ಅವಳು ಹೇಳುವ ಇತಿಹಾಸವನ್ನು ನಾನು ಸಾವಿರ ಸಲ ಕೇಳಿದ್ದೇನೆ. ಮೊದಲು ಫ್ರೆಂಚರು ಬಂದರು, ಆಮೇಲೆ ಇಂಗ್ಲಿಷರು ಬಂದರು, ಇಬ್ಬರೂ ನಮ್ಮವರ ಬೆನ್ನ ಮೇಲೆ ಕಲ್ಲು ಹೊರಿಸಿ ಈ ಗಿರಣಿ ಕಟ್ಟಿದರು, ಹತ್ತಿಗೆ ಬೆಲೆ ಬಿದ್ದ ಮೇಲೆ ಕಾಲು ಕಿತ್ತರು. ಇದಿಷ್ಟೂ ನಿಜ. ಆದರೆ ಗಿರಣಿ ಕಟ್ಟಿದ ಇಸವಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾಳೆ. ಬಾವಿ ಎಲ್ಲಿ ಎಂದರೆ ಬತ್ತಿದ ಹಳ್ಳ ತೋರಿಸುತ್ತಾಳೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ.

“ನಿಜ ಹೇಳಿದ್ರೆ ಬರ್ಕೊಳ್ತಾರೆ ಆಸ್ಬರ್ಟ್. ಬರ್ಕೊಂಡೋರು ನಾಳೆ ಅಳೀತಾರೆ. ಅಳೆದೋರು ನಾಡಿದ್ದು ಬೇಲಿ ಹಾಕ್ತಾರೆ. ನಿಂಗೇನು, ನಿನ್ನ ಕಡಲಿಗೆ ಬೇಲಿ ಇಲ್ಲ.”

ಅವಳ ಸಂಶಯಕ್ಕೆ ಕಾರಣವಿತ್ತು. ನಮ್ಮಲ್ಲಿ ಕುಟುಂಬದ ಭೂಮಿಯನ್ನು ಪಾಲು ಮಾಡುವುದಿಲ್ಲ. ಸತ್ತ ಹಿರಿಯನ ಹೆಸರಿನಲ್ಲೇ ಉಳಿಯುತ್ತದೆ. ಅವನ ರಕ್ತ ಎಲ್ಲೇ ಇರಲಿ, ಬಂದು ಕೈಯಿಟ್ಟರೆ ಹಕ್ಕಿದೆ. ಎರಡು ವರ್ಷದ ಹಿಂದೆ ಒಂದು ಹೋಟೆಲು ಕಂಪನಿಯವರು ಇಳಿಜಾರಿನಲ್ಲಿ ಟೇಪು ಹಿಡಿದು ಓಡಾಡಿದ್ದರು. ತಾಂತಿ ಆಡುಗಳನ್ನು ಅವರ ಮೇಲೆ ಬಿಟ್ಟಳು. ಹೋಗುವಾಗ ಅವರಲ್ಲಿ ಒಬ್ಬ ನನ್ನ ದೋಣಿಯಲ್ಲಿ ಕೂತು ನಗುತ್ತ, “ಮುದುಕಿ ಬೇಡ ಅಂದ್ರೆ ಬೇಡ. ಕ್ವಾಶಿ ಮನೆಯ ಇನ್ನೊಬ್ಬ ಸಿಕ್ಕಿ, ಅವನು ಆ ಮನೆಯವನೇ ಅಂತ ಊರಿನ ಇಬ್ಬರು ಹಿರಿಯರು ಪ್ರಮಾಣ ಮಾಡಿದ್ರೆ ಸಾಕು” ಎಂದ. ಈ ಮಾತನ್ನು ನಾನು ಮರೆಯಲಿಲ್ಲ.

ಆದ್ದರಿಂದಲೇ ಗ್ಯಾರೆತ್ ಎಂಬವನು ನನ್ನ ದೋಣಿ ಹತ್ತಿದ ದಿನ ಅವನನ್ನು ಎರಡೆರಡು ಸಲ ನೋಡಿದೆ. ನಲವತ್ತು ದಾಟಿದವನು, ಇಂಗ್ಲೆಂಡಿನಿಂದ ಬಂದವನು, ಮೈಬಣ್ಣ ನಮ್ಮದೇ, ಬೂಟು ಮಾತ್ರ ಹೊಳೆಯುತ್ತಿತ್ತು. ಆಮೆ ಬೇಕೇ ಎಂದೆ, ಬೇಡ ಎಂದ. ಮರಳುದಿಬ್ಬ ತೋರಿಸಲೇ ಎಂದೆ, ಅದೂ ಬೇಡ.

“ಕ್ವಾಶಿಯವರ ಜಾಗ ಎಲ್ಲಿಂದ ಎಲ್ಲಿವರೆಗೆ?” ಎಂದು ಕೇಳಿದ.

“ನಿಮಗ್ಯಾಕೆ?”

“ನಾನು ಲಿಂಟನ್ ಕ್ವಾಶಿ ಮಗ.”

ಲಿಂಟನ್ ಎಂದರೆ ತಾಂತಿಯ ಅಣ್ಣ. ಹತ್ತೊಂಬತ್ತಕ್ಕೇ ಇಂಗ್ಲೆಂಡಿಗೆ ಹೋದವನು ಒಮ್ಮೆಯೂ ತಿರುಗಿ ಬರಲಿಲ್ಲ, ಅಲ್ಲೇ ಸತ್ತ. ತನ್ನ ಅಪ್ಪನ ಗೋರಿಯ ಮೇಲೆ ಕಲ್ಲು ನಿಲ್ಲಿಸುವ ದಿನದ ಊಟಕ್ಕೆ ಕರೆದು ತಾಂತಿ ಲಿಂಟನ್‌ನ ಹಳೆಯ ವಿಳಾಸಕ್ಕೆ ಒಂದು ಕಾಗದ ಹಾಕಿದ್ದಳು. ಸತ್ತು ಹದಿನಾರು ವರ್ಷವಾದರೂ ಮುದುಕನಿಗೆ ಕಲ್ಲಾಗಿರಲಿಲ್ಲ. ಕಲ್ಲು ನಿಲ್ಲುವವರೆಗೆ ಸತ್ತವನಿಗೆ ನೆಮ್ಮದಿಯಿಲ್ಲ. ಕಲ್ಲಿನೂಟಕ್ಕೆ ರಕ್ತಸಂಬಂಧಿಗಳನ್ನು ಕರೆಯದಿದ್ದರೆ ಬದುಕಿರುವವರಿಗೂ ಇಲ್ಲ. ಕರೆದದ್ದು ಅವಳೇ. ಆದರೆ ಯಾರಾದರೂ ಬಂದುಬಿಡುತ್ತಾರೆ ಎಂದು ಅವಳೂ ಅಂದುಕೊಂಡಿರಲಿಲ್ಲ.

ಬಾಗಿಲಲ್ಲಿ ನಿಂತು “ಅತ್ತೆ” ಎಂದವನನ್ನು ತಾಂತಿ ತಲೆಯಿಂದ ಕಾಲಿನವರೆಗೆ ನೋಡಿದಳು.

“ಅತ್ತೆ ಆಮೇಲೆ. ಮೊದಲು ಬೂಟು ಬಿಚ್ಚು” ಎಂದಳು. ಒಳಕೋಣೆ ಕೊಟ್ಟಳು, ತನ್ನ ಪೆಟ್ಟಿಗೆಗೆ ಬೀಗ ಹಾಕಿದಳು.

ಮೂರು ದಿನ ನಾನು ಅವನ ಮೇಲೆ ಕಣ್ಣಿಟ್ಟೆ. ಅವನು ಗಿರಣಿಯ ಮೇಲಿನಿಂದ ಇಳಿಜಾರಿನ ಫೋಟೋ ತೆಗೆದ. ಗಡಿಕಲ್ಲನ್ನು ಬೂಟುಗಾಲಿನಿಂದ ಮುಟ್ಟಿ ನೋಡಿದ. ದಡದಿಂದ ಎಷ್ಟು ದೂರಕ್ಕೆ ನೀರು ಆಳವಾಗುತ್ತದೆ ಎಂದು ನನ್ನನ್ನೇ ಕೇಳಿದ! ಅಪ್ಪನ ಊರು ನೋಡಲು ಬಂದವನಿಗೆ ನೀರಿನ ಆಳ ಯಾಕೆ? ರಮ್ ಅಂಗಡಿಯಲ್ಲಿ ಇದನ್ನು ಹೇಳಿದಾಗ ಮುದಿ ಕನ್ಯೂಟ್ ಲೋಟ ಕುಕ್ಕಿದ. ದೋಣಿ ಕಟ್ಟುವವನು, ಎಂಬತ್ತು ದಾಟಿದರೂ ಉಳಿ ಬಿಟ್ಟಿಲ್ಲ. ಊರಿನಲ್ಲಿ ಪ್ರಮಾಣ ಮಾಡಬಲ್ಲ ಹಿರಿಯರೆಂದರೆ ಅವನು, ಅವನ ನಂತರ ನಾನು.

“ಅವನು ಲಿಂಟನ್ ಮಗ ಅಂತ ಯಾರು ಹೇಳಿದ್ದು? ಅವನೇ ತಾನೆ? ನಾಳೆ ನಾನೂ ಇಂಗ್ಲೆಂಡಿಗೆ ಹೋಗಿ ರಾಣಿಯ ಮೊಮ್ಮಗ ಅಂತೀನಿ. ಅವನ ನಾಡು ಯಾವುದು ಅಂತ ಕೇಳು. ಬಣ್ಣ ಬಯಲಾಗತ್ತೆ.”

ನಮ್ಮಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಹಡಗಿನಲ್ಲಿ ಸರಪಳಿ ಹಾಕಿ ತಂದ ಹಿರಿಯರು ಆಫ್ರಿಕದ ಯಾವ ನಾಡಿನವರೋ ಆ ಹೆಸರು ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೊಂದು ನಾಡಿಗೆ ಒಂದೊಂದು ಡೋಲಿನ ಬಡಿತ. ತನ್ನ ಬಡಿತ ಕೇಳಿದಾಗ ಮಾತ್ರ ಮನುಷ್ಯ ಕಣಕ್ಕಿಳಿದು ಕುಣಿಯಬೇಕು. ಮುಖ್ಯ ಡೋಲು ಬಾರಿಸುವವನು ನಾನು. ಯಾರು ಯಾವ ನಾಡು ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಕ್ವಾಶಿಗಳು ಕ್ರೊಮಾಂಟಿ. ಇದು ಊರಿನ ಆಡುಗಳಿಗೂ ಗೊತ್ತು.

ಮರುದಿನ ಬಲೆ ಹೊಲಿಯುತ್ತ ಕೂತಿದ್ದಾಗ ಗ್ಯಾರೆತ್ ಬಂದ. ಸುಮ್ಮನೆ ಎಂಬಂತೆ ಕೇಳಿದೆ.

“ನಿನ್ನ ನಾಡು ಯಾವುದಪ್ಪ?”

ತಡಬಡಾಯಿಸುತ್ತಾನೆ ಎಂದುಕೊಂಡಿದ್ದೆ. ಅವನು ತಟ್ಟನೆ ಹೇಳಿದ. “ಈಬೋ.”

“ಏನಂದೆ?”

“ಈಬೋ. ಅಪ್ಪ ಪ್ರತಿ ಹುಟ್ಟುಹಬ್ಬಕ್ಕೂ ಬಾಯಿಪಾಠ ಮಾಡಿಸ್ತಿದ್ರು. ಅಲ್ಲಿ ಯಾರಾದ್ರೂ ಕೇಳಿದ್ರೆ ಇದೊಂದೇ ಮಾತು ಹೇಳು ಅಂತ. ಯಾಕೆ, ತಪ್ಪಾ?”

ತಪ್ಪೇ! ಈಬೋ ಬೇರೆಯೇ ನಾಡು. ಸುಳ್ಳ ಸಿಕ್ಕಿಬಿದ್ದ ಎಂದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಲೆ ಅಲ್ಲೇ ಎಸೆದು ರಮ್ ಅಂಗಡಿಗೆ ಹೋಗಿ ಸಾರಿದೆ, ಅಲ್ಲಿಂದ ಏದುಸಿರು ಬಿಡುತ್ತ ತಾಂತಿಯ ಅಡುಗೆಮನೆಗೆ ಓಡಿದೆ. ಅವಳು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು.

“ತಾಂತಿ, ಅವನು ಕಳ್ಳ. ಈಬೋ ಅಂತಾನೆ!”

ಕೋಲು ನಿಂತಿತು. ಮುದ್ದೆ ತಳ ಹಿಡಿದ ವಾಸನೆ ಬಂದರೂ ಅವಳು ಅಲುಗಲಿಲ್ಲ.

“ಯಾರ್ಯಾರಿಗೆ ಹೇಳ್ದೆ?”

“ರಮ್ ಅಂಗಡೀಲಿ ಮಾತ್ರ.”

“ಅಂದ್ರೆ ಇಡೀ ದ್ವೀಪಕ್ಕೆ” ಎಂದಳು. “ನಿನ್ನ ಬಾಯಿಗೆ ಮೀನಿನ ಮುಳ್ಳು ಚುಚ್ಚ. ನಡಿ ಆಚೆ.”

ಒಳ್ಳೆಯ ಸುದ್ದಿ ತಂದವನಿಗೆ ಇದು ಮರ್ಯಾದೆಯೇ? ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅನುಮಾನವೂ ಬಂತು, ಈ ಸಲ ತಾಂತಿಯ ಮೇಲೆ. ಅಂದು ಸಂಜೆ ಅವಳು ಅವನನ್ನು ಕರೆದುಕೊಂಡು ಇಳಿಜಾರು ಸುತ್ತಿದಳು, ನಿಜವಾದ ಬಾವಿಯನ್ನು ತೋರಿಸಿದಳು. ನಲವತ್ತು ವರ್ಷ ಯಾವ ಪ್ರವಾಸಿಗೂ ತೋರಿಸದ ಬಾವಿ! ಮಾರನೆಯ ದಿನ ಕೊಲ್ಲಿ ಸುತ್ತಿಬರಲು ಹೊರಟವನ ಚೀಲ ದೋಣಿಗೆ ಎತ್ತಿಡುವಾಗ ಅದರ ಬಾಯಿಂದ ಒಂದು ಕಾಗದ ಇಣುಕಿತು. ಮೇಲೆ ಆ ಹೋಟೆಲು ಕಂಪನಿಯ ಗುರುತು. ಸಹಿಯ ಜಾಗ ಖಾಲಿ. ಮುದುಕಿಯೂ ಸೇರಿಕೊಂಡಿದ್ದಾಳೆ, ಇಬ್ಬರೂ ಒಳಗೊಳಗೇ ಮಾತು ಮುಗಿಸಿದ್ದಾರೆ ಎಂದುಕೊಂಡೆ. ಕನ್ಯೂಟ್‌ಗೂ ಹೇಳಿದೆ. ಅವನು ಉಗುಳಿದ. “ಕಲ್ಲಿನೂಟದ ದಿನ ಎಲ್ಲರ ಮುಂದೆ ಅವನ ಕುತ್ತಿಗೆ ಹಿಡಿದು ದೋಣಿಗೆ ತಳ್ತೀನಿ.”

ಶನಿವಾರ ಮಧ್ಯಾಹ್ನ ಕಲ್ಲು ಹೊತ್ತು ತಂದೆವು. ನೀರು ಚಿಮುಕಿಸಿ ರಮ್ ಹನಿಸಿ ನಿಲ್ಲಿಸಿದೆವು. ಪಕ್ಕದಲ್ಲಿ ತಾಂತಿಯ ಅಮ್ಮನ ಗೋರಿ, ಅದಕ್ಕಿನ್ನೂ ಕಲ್ಲಿಲ್ಲ. ಮನೆಯೊಳಗೆ ಸತ್ತ ಹಿರಿಯರಿಗೆಂದು ತಟ್ಟೆ ಬಡಿಸಿಟ್ಟಾಗಿತ್ತು: ಆಡಿನ ಮಾಂಸ, ಮುದ್ದೆ, ತೊಗರಿಕಾಳು. ಅಂಗಳದಲ್ಲಿ ಜನ ವೃತ್ತವಾಗಿ ನಿಂತರು. ನಾನು ಡೋಲಿನ ಹಿಂದೆ ಕೂತೆ.

ಮೊದಲು ಕ್ರೊಮಾಂಟಿ ಬಾರಿಸಬೇಕು, ಬಾರಿಸಿದೆ. ತಾಂತಿ ಕಣಕ್ಕಿಳಿದಳು. ಗ್ಯಾರೆತ್ ಕೂಡ ಹೆಜ್ಜೆ ಎತ್ತಿದ. ಅವನು ಆ ಬಡಿತಕ್ಕೆ ಒಂದು ಸುತ್ತು ಕುಣಿದರೆ ಮುಗಿಯಿತು; ಕ್ವಾಶಿ ರಕ್ತವೆಂದು ಊರೇ ಒಪ್ಪಿದಂತೆ. ಕನ್ಯೂಟ್ ಮುಂದೆ ನುಗ್ಗಿದ. ಅಷ್ಟರಲ್ಲಿ ತಾಂತಿ ಗ್ಯಾರೆತ್‌ನ ಎದೆಗೆ ಅಂಗೈ ಒತ್ತಿ ಅವನನ್ನು ಅಲ್ಲೇ ನಿಲ್ಲಿಸಿದಳು. ಒಬ್ಬಳೇ ಕುಣಿದು ಮುಗಿಸಿದಳು.

“ನೋಡಿದ್ರಾ!” ಎಂದು ಕನ್ಯೂಟ್ ಕೂಗಿದ. “ಅವಳಿಗೂ ಗೊತ್ತಾಯ್ತು. ಸುಳ್ಳ!”

ಅಲ್ಲಿಗೆ ಎಲ್ಲವೂ ಸರಿಯಾಗಿತ್ತು. ಅವಳು ತುಟಿ ಬಿಚ್ಚದಿದ್ದರೆ ಸಾಕಿತ್ತು. ಅವನು ಸುಳ್ಳನೆಂಬ ಹೆಸರು ಹೊತ್ತು ಹೋಗುತ್ತಿದ್ದ, ಯಾವ ಹಿರಿಯನೂ ಪ್ರಮಾಣ ಮಾಡುತ್ತಿರಲಿಲ್ಲ, ಇಳಿಜಾರು ಅವಳಿಗೇ ಉಳಿಯುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ತಾಂತಿ ನನ್ನ ಮುಂದೆ ಬಂದು ನಿಂತಳು.

“ಈಬೋ ಬಾರಿಸು ಆಸ್ಬರ್ಟ್.”

“ಈ ಮನೇಲಿ ಈಬೋ ಯಾರಿದ್ದಾರೆ ತಾಂತಿ?”

“ಬಾರಿಸು ಅಂದೆ.”

ಬಾರಿಸಿದೆ. ಅವಳು ತನ್ನ ಹೆಗಲಿನ ಬಟ್ಟೆಯನ್ನು ಗ್ಯಾರೆತ್‌ನ ಕುತ್ತಿಗೆಗೆ ಹಾಕಿ ಕಣದ ನಡುವೆ ಎಳೆದು ನಿಲ್ಲಿಸಿದಳು. ಕೈಯೆತ್ತಿದಳು, ನಾನು ಡೋಲು ನಿಲ್ಲಿಸಿದೆ.

“ಇವನು ನನ್ನ ಲಿಂಟನ್ ಮಗ. ಯಾರೂ ಸುಳ್ಳ ಅನ್ನಬೇಡಿ. ಲಿಂಟನ್ ನಮ್ಮಮ್ಮನ ಮಗ, ನಮ್ಮಪ್ಪನ ಮಗ ಅಲ್ಲ. ಮದುವೆ ದಿನವೇ ಅಮ್ಮ ಬಸುರಿ. ಆ ಮಗುವಿನ ಅಪ್ಪ ಹಡಗಿನ ಜೊತೆ ಮುಳುಗಿಹೋಗಿದ್ದ. ನಮ್ಮಪ್ಪ ಗೆಳೆಯನ ಮಗನ್ನ ತನ್ನ ಮಗ ಅಂತ ಸಾಕಿದ. ಸಾಯೋವಾಗ ಅಮ್ಮ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು, ಹೇಳಬೇಡ ಅಂತ. ಇವತ್ತು ಮುರಿದೆ.”

ಆ ಕಾಲದಲ್ಲಿ ನಮ್ಮ ಕೊಲ್ಲಿಯಿಂದ ಹಡಗಿನ ಜೊತೆ ಮುಳುಗಿದ ಈಬೋ ಮನುಷ್ಯ ಒಬ್ಬನೇ. ಕನ್ಯೂಟ್‌ನ ಅಣ್ಣ.

ಕನ್ಯೂಟ್ ಟೋಪಿ ತೆಗೆದ. ಗ್ಯಾರೆತ್‌ನನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಏನ್ ನೋಡ್ತಿದ್ದೀಯೋ? ಬಾರ್ಸೋ” ಎಂದು ಗದರಿದ. ಎಂಬತ್ತಮೂರು ವರ್ಷದ ಮುದುಕ ಕೋಲು ಬಿಸಾಡಿ ಕಣಕ್ಕಿಳಿದು ಅಣ್ಣನ ಮೊಮ್ಮಗನ ಎದುರು ಕುಣಿದ. ಗ್ಯಾರೆತ್‌ಗೆ ಹೆಜ್ಜೆ ಬರುತ್ತಿರಲಿಲ್ಲ. ಡೋಲು ಕಣ್ಣಿಗೆ ಕಾಣದಂತಾಯಿತು ನನಗೆ, ಅಭ್ಯಾಸಬಲದಿಂದ ಬಾರಿಸಿದೆ.

ನ್ಯಾಯಾಲಯ ಬೇರೆ ಏನಾದರೂ ಹೇಳುತ್ತಿತ್ತೋ ಏನೋ. ಅಷ್ಟು ಜನರ ಮುಂದೆ ಈಬೋ ಕುಣಿದವನನ್ನು ಕ್ವಾಶಿ ಎಂದು ಪ್ರಮಾಣ ಮಾಡುವ ಹಿರಿಯ ನಮ್ಮ ದ್ವೀಪದಲ್ಲಿಲ್ಲ. ಲಿಂಟನ್‌ಗೆ ಅದು ಚೆನ್ನಾಗಿ ಗೊತ್ತಿತ್ತು, ತಾನು ಯಾರ ಮಗನೆಂದು ಅಮ್ಮ ಅವನಿಗೂ ಹೇಳಿದ್ದಿರಬೇಕು. ಮಗ ಬಂದರೆ ಬರಲಿ, ತಂಗಿಯ ಜಾಗ ಮಾತ್ರ ಮುಟ್ಟದಿರಲಿ ಎಂದೇ ಆ ಒಂದು ಮಾತು ಕಲಿಸಿದ್ದ. ಕನ್ಯೂಟ್ ಮೊಮ್ಮಗನಿಗೆ ತನ್ನ ಹಿತ್ತಲಿನಲ್ಲಿ ಮನೆ ಕಟ್ಟಿಕೊಳ್ಳಲು ಹೇಳಿದ್ದಾನೆ. ಅಲ್ಲಿ ಕಳ್ಳಿ ಬಿಟ್ಟರೆ ಏನೂ ಬೆಳೆಯುವುದಿಲ್ಲ, ಯಾವ ಹೋಟೆಲಿಗೂ ಬೇಡ. ಗ್ಯಾರೆತ್ ಹೊರಟ ದಿನ ಆ ಕಂಪನಿಯ ಕಾಗದ ನನ್ನ ದೋಣಿಯ ತಳದ ನೀರಿನಲ್ಲಿ ಬಿದ್ದಿತ್ತು. ಮರೆತನೋ, ಬೇಕೆಂದೇ ಬಿಟ್ಟನೋ, ನನಗೆ ಇವತ್ತಿಗೂ ಅನುಮಾನವೇ.

ಅದನ್ನು ಒಣಗಿಸಿ ತಾಂತಿಗೆ ಕೊಡಲು ಹೋದೆ. ಅವಳು ಅಮ್ಮನ ಗೋರಿಯ ಸುತ್ತ ಹುಲ್ಲು ಕೀಳುತ್ತಿದ್ದಳು. ಕಾಗದವನ್ನು ಅತ್ತ ಇತ್ತ ತಿರುಗಿಸಿ ಆಡಿನ ಮುಂದೆ ಹಿಡಿದಳು. ಆಡು ಅಗಿಯಿತು.

“ಜಾಗ ಉಳೀತಲ್ಲ ತಾಂತಿ” ಎಂದೆ.

“ಜಾಗ ಹೇಗಿದ್ರೂ ಉಳೀತಿತ್ತು. ಅವನು ಬಂದ ದಿನವೇ ಕಿವಿ ನೋಡಿ ಗೊತ್ತಾಯ್ತು ನಂಗೆ, ಲಿಂಟನ್‌ದೇ ಕಿವಿ. ಅವನನ್ನ ಪಕ್ಕಕ್ಕೆ ಕೂರಿಸ್ಕೊಂಡು ಎಲ್ಲಾ ಹೇಳಿ, ಕೈ ಹಿಡಿದು ಕಳಿಸ್ತಿದ್ದೆ. ನೀನು ಊರಿಗೆಲ್ಲ ಸುಳ್ಳ ಸುಳ್ಳ ಅಂತ ಸಾರಿ ಬಂದೆ. ಲಿಂಟನ್ ಮಗನ್ನ ಸುಳ್ಳ ಅಂತ ಹೇಗೋ ಕಳಿಸ್ಲಿ?”

ನಾನು ಅವಳು ಕಿತ್ತ ಹುಲ್ಲನ್ನು ಬಾಚಿ ಆಡಿನ ಮುಂದೆ ಹಾಕಿದೆ.

“ಅಮ್ಮನ ಗುಟ್ಟು ಬಯಲಾಯ್ತು. ಇನ್ನು ಅವಳ ಕಲ್ಲು ಹಾಕೋವಾಗ ಊರು ಬರತ್ತೋ ಇಲ್ವೋ” ಎಂದಳು, ಹುಲ್ಲು ಕೀಳುತ್ತಲೇ. “ನೀನಂತೂ ಡೋಲು ತಗೊಂಡು ಬಾ. ಬಾಯಿ ಮನೇಲೇ ಬಿಟ್ಟು ಬಾ.”

ನಾನು ಅವಳ ಪಕ್ಕ ಕೂತು ಹುಲ್ಲು ಕೀಳಲು ಶುರುಮಾಡಿದೆ.