ಖಾಲಾ ಸೀರಿಯಸ್ ಆದ ದಿನ

"ಆಪಾ, ಅಮ್ಮಿ ಭಾಳ ಸೀರಿಯಸ್ ಆಗ್ಯಾಳ. ನೀ ಲಗೂ ಬಾ."

ಹೋದ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆ. ಆಳಂದದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಕೈಗೆತ್ತಿಕೊಂಡಿದ್ದೆ. ಫೋನ್ ಮಾಡಿದವನು ಯೂಸುಫ್, ನಿಂಬರ್ಗಾದಲ್ಲಿರುವ ನನ್ನ ಹಸೀನಾ ಖಾಲಾನ ಒಬ್ಬನೇ ಮಗ. (ಖಾಲಾ ಎಂದರೆ ನನ್ನ ತಾಯಿಯ ತಂಗಿ, ಆಪಾ ಎಂದರೆ ಅಕ್ಕ.) "ಏನಾತೋ?" ಎನ್ನುವಷ್ಟರಲ್ಲಿ ಲೈನ್ ಕಟ್. ಮತ್ತೆ ಮೂರು ಸಲ ಹಚ್ಚಿದೆ. ಎತ್ತಲಿಲ್ಲ.

ನಮ್ಮ ಕಡೆ ಫೋನಿನಲ್ಲಿ 'ಸೀರಿಯಸ್' ಎಂದರೆ ಏನರ್ಥ ಎಂದು ನಿಮಗೆ ಗೊತ್ತೇ ಇದೆ. ಡಿಕ್ಷನರಿ ಏನಾದರೂ ಹೇಳಲಿ, ನಮ್ಮ ಪಾಲಿಗೆ ಅದರ ಅರ್ಥ 'ಮುಗೀತು' ಎಂದೇ. ದೂರದವರು ದಾರಿಯಲ್ಲಿ ಎದೆಯೊಡೆದುಕೊಳ್ಳಬಾರದಲ್ಲ? ಅದಕ್ಕೇ ತೀರಿಕೊಂಡವರನ್ನೂ, ಎಲ್ಲರೂ ಬಂದು ಸೇರುವವರೆಗೆ ಸೀರಿಯಸ್ ಆಗಿಯೇ ಇಟ್ಟಿರುತ್ತೇವೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಜೇವರ್ಗಿಯಲ್ಲಿರುವ ದೊಡ್ಡ ಮಾಮೂಗೆ ಸುದ್ದಿ ಮುಟ್ಟಿಸಿದವಳು ನಾನೇ. ಮಾಮೂ ನನ್ನ ತಾಯಿಗೂ ಖಾಲಾಗೂ ಅಣ್ಣ.

"ಖಾಲಾ ಸೀರಿಯಸ್ ಅದಾಳಂತ್ರಿ."

ಅವರೂ ಒಂದು ಪ್ರಶ್ನೆ ಕೇಳಲಿಲ್ಲ. "ಹೊಂಟ್ವಿ" ಎಂದರು, ಅಷ್ಟೇ.

ನಿಂಬರ್ಗಾ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದೆ. ಪಕ್ಕದಲ್ಲಿ ಒಬ್ಬ ಅಜ್ಜಿ. ನನ್ನ ಕಣ್ಣು ನೋಡಿ ಸುಮ್ಮನಿರಲಾಗಲಿಲ್ಲ ಅವಳಿಗೆ.

"ಯಾಕ ಅಳಾಕತ್ತೀ ಯವ್ವಾ?"

"ನಮ್ಮ ಚಿಕ್ಕವ್ವ ಸೀರಿಯಸ್ ಅದಾಳ್ರಿ."

"ಅಯ್ಯ ಶಿವನೇ! ಮಣ್ಣು ಎಷ್ಟೊತ್ತಿಗಂತ?"

ನೋಡಿದಿರಾ? ನನಗಿಂತ ಸ್ಪಷ್ಟ ಇಂಗ್ಲಿಷ್ ಆ ಅಜ್ಜಿಯದು.

ದುಃಖದಲ್ಲೂ ಮನಸ್ಸು ಎಲ್ಲೆಲ್ಲೋ ಅಲೆಯುತ್ತದೆ. ಹಿಂದಿನ ದಿನವಷ್ಟೇ ಕ್ಲಾಸಿನಲ್ಲಿ "ನೀವೆಲ್ಲಾ ಯಾವಾಗ ಸೀರಿಯಸ್ ಆಗೋದು?" ಎಂದು ಕಿರುಚಿದ್ದೆ. (ಅಜ್ಜಿ ಕೇಳಿಸಿಕೊಂಡಿದ್ದರೆ ನನ್ನ ಬಾಯಿಗೆ ಬಡಿಯುತ್ತಿದ್ದಳು.) ಕಾರಿಡಾರಿನಲ್ಲಿ ಹುಡುಗಿಯರ ಗುಸುಗುಸು: "ಅವ ಸೀರಿಯಸ್ ಅದಾನೋ, ಟೈಂಪಾಸೋ?" ಅಲ್ಲಿ ಸೀರಿಯಸ್ ಆದವನೇ ಒಳ್ಳೆಯವನು. ಟೆಸ್ಟ್ ಇದೆ ಎಂದರೆ "ಸೀರಿಯಸ್ಲೀ ಮೇಡಂ?" ಎನ್ನುತ್ತಾರೆ. ನಂಬುವುದಿಲ್ಲ ಎಂದರ್ಥ. ಒಂದು ದಿನ ತಲೆನೋವಿನಿಂದ ನಗದೇ ಕೂತರೆ "ಯಾಕ್ರಿ ಮೇಡಂ, ಇವತ್ತು ಸೀರಿಯಸ್ ಅದೀರಿ?" ಎಂದು ಜವಾನ ಕೇಳುತ್ತಾನೆ. ಸಾಯುವುದಕ್ಕೂ, ಓದುವುದಕ್ಕೂ, ಪ್ರೀತಿಸುವುದಕ್ಕೂ, ನಗದಿರುವುದಕ್ಕೂ ಒಂದೇ ಶಬ್ದ! ಇಷ್ಟು ದುಡಿಯುವ ಶಬ್ದ ಇನ್ನೊಂದಿದೆಯೇ?

ಆಮೇಲೆ ಖಾಲಾನ ನೆನಪು ನುಗ್ಗಿ ಬಂತು. ಗಂಡ ಹೋಗಿ ಒಂಬತ್ತು ವರ್ಷ. ಬಟ್ಟೆ ಹೊಲಿದು ಮಗನನ್ನು ಓದಿಸಿದಳು, ಅವನ ಮದುವೆ ಮಾಡಿದಳು. ನಾನು ಅವಳ ಮನೆಗೆ ಹೋಗಿದ್ದು ಯಾವಾಗ? ರಂಜಾನಿಗೆ. ಈ ವರ್ಷದ್ದಲ್ಲ, ಹೋದ ವರ್ಷದ್ದು.

ನಿಂಬರ್ಗಾದಲ್ಲಿ ಇಳಿದು ಓಡಿದೆ. ಓಣಿಯಲ್ಲಿ ಜನವಿಲ್ಲ. ಬಾಗಿಲ ಮುಂದೆ ಚಪ್ಪಲಿಗಳಿಲ್ಲ. ಒಳಗಿನಿಂದ ಹೊಲಿಗೆ ಮಷೀನಿನ ಸದ್ದು. ಇಣುಕಿದೆ. ಖಾಲಾ ಕೊರಳಿಗೆ ಟೇಪು ಹಾಕಿಕೊಂಡು ಯಾರದೋ ಕುಪ್ಪಸದ ತೋಳು ಹೊಲಿಯುತ್ತಿದ್ದಾಳೆ!

"ಯಾಕ ಬೇ, ಮುಖ ಯಾಕ ಹಿಂಗಾಗ್ಯಾದ? ಯಾರಿಗೇನಾತು?"

"ನಿನಗ!" ಎಂದವಳೇ ಅವಳ ಕೊರಳಿಗೆ ಬಿದ್ದು ಅತ್ತುಬಿಟ್ಟೆ.

ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಯೂಸುಫ್ ಎದ್ದು ಬಂದ. "ಹಂಗಲ್ಲ ಆಪಾ. ಅಮ್ಮಿ ನಿಕಾಹ ಮಾಡ್ಕೋತೇನಿ ಅನ್ನಾಕತ್ತಾಳ. ಮೊದ್ಲ ಮಜಾಕ್ ಮಾಡಾಕತ್ತಾಳಂತ ತಿಳ್ಕೊಂಡಿದ್ದೆ. ಈಗ ನೋಡಿದ್ರ ಸೀರಿಯಸ್ ಆಗ್ಯಾಳ!"

ವರನ ಹೆಸರು ಖಾದರಸಾಬ್. ಅಫಜಲಪುರದವರು, ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಹೆಂಡತಿ ಇಲ್ಲ. ಡ್ಯೂಟಿಯಲ್ಲಿದ್ದಾಗ ಯೂನಿಫಾರ್ಮಿನ ಹರಿದ ಜೇಬು ಹೊಲಿಸಲು ಖಾಲಾನ ಬಳಿ ಬರುತ್ತಿದ್ದರಂತೆ. ರಿಟೈರ್ ಆದ ಮೇಲೆ ಯೂನಿಫಾರ್ಮ್ ಹೋಯಿತು, ಬರುವುದು ಹೋಗಲಿಲ್ಲ.

ಸುಳ್ಳು ಯಾಕೆ ಹೇಳಲಿ? 'ಈ ವಯಸ್ಸಿನಲ್ಲೇ?' ಎಂದು ನನ್ನ ಮನಸ್ಸೂ ಅಂದಿತು. (ಹೆಣ್ಣುಮಕ್ಕಳ ಆಸೆ, ಹಕ್ಕು ಎಂದು ಇದೇ ಅಂಕಣದಲ್ಲಿ ಎಷ್ಟು ವಾರ ಕೊರೆದಿದ್ದೇನೆ!) ಬಾಯಿ ಬಿಡುವ ಮೊದಲೇ ಹೊರಗೆ ಜೀಪು ನಿಂತಿತು. ಆಗ ನೆನಪಾಯಿತು. ಅಯ್ಯೋ, ಮಾಮೂ!

ಜೀಪಿನಿಂದ ಎಂಟು ಮಂದಿ ಇಳಿದರು. ಮಾಮಿ "ಹಸೀನಾ..." ಎಂದು ಚೀರಿ ಹೊಸ್ತಿಲಲ್ಲೇ ಕುಸಿದು ಕೂತರು. ಅವರಿಗೆ ನೀರು ತಂದುಕೊಟ್ಟವಳು ಹಸೀನಾಳೇ. ಮಾಮಿ ಒಂದು ಗುಟುಕು ಕುಡಿದು, ತಲೆ ಎತ್ತಿ ನೋಡಿ, ಇನ್ನೊಮ್ಮೆ ಚೀರಿದರು.

ಚಹಾ ಆಯಿತು. ವಿಷಯ ತಿಳಿಯಿತು. ಮಾಮೂ ಗಡ್ಡ ಸವರಿಕೊಂಡರು.

"ಹಸೀನಾ, ಮಂದಿ ನಗ್ತಾರಲ್ಲ?"

"ಭಾಯಿ," ಖಾಲಾನ ದನಿ ಏರಲಿಲ್ಲ. "ಇಷ್ಟು ಮಂದಿ ನನ್ನ ಮಣ್ಣಿಗಂತ ಓಡಿ ಬಂದೀರಿ. ನನ್ನ ನಿಕಾಹಕ್ಕ ಬರಾಕ ನಿಮಗೇನು ತ್ರಾಸ?"

ನಾನು ಖಾಲಿ ಕಪ್ಪಿನ ತಳವನ್ನೇ ನೋಡುತ್ತಾ ಕೂತೆ.

ಕೊನೆಗೆ ಬಾಯಿ ಬಿಟ್ಟವನು ಯೂಸುಫ್. "ಅಮ್ಮಿ, ಮಗ ಕೂಳು ಹಾಕಲಿಲ್ಲ, ಅದಕ್ಕ ಹೋದಳು ಅಂತಾರ ಮಂದಿ."

ಅವನ ಸಿಟ್ಟಿನ ಹಿಂದೆ ಇದ್ದದ್ದು ಇದು. ನಮಗ್ಯಾರಿಗೂ ಹೊಳೆದಿರಲಿಲ್ಲ. ಖಾಲಾ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತಳು.

"ನೀ ಹೊಟ್ಟಿ ತುಂಬ ಹಾಕೀದಿ ಬೇಟಾ. ಯಾರ ಮುಂದ ಬೇಕಾದ್ರೂ ಹೇಳ್ತೇನಿ. ನಾ ಕೂಳಿಗಂತ ಹೋಗಾಕತ್ತಿಲ್ಲ. ನೀ ಕೆಲಸದಿಂದ ದಣದು ಬರ್ತಿ, ನಿನ್ನ ಹೇಣ್ತಿ ಮಕ್ಕಳನ್ನ ನೋಡ್ಕೋತಾಳ. ಸಂಜೀಕ ನನ್ನ ಜೋಡಿ ಕುಂತು ಮಾತಾಡಾಕ ಒಬ್ಬರು ಬೇಕಪ್ಪಾ. ಇಷ್ಟ."

ಯೂಸುಫ್ ತಲೆ ತಗ್ಗಿಸಿದ. ತಾಯಿಯ ಕೈ ಹಿಡಿದುಕೊಂಡ.

ಮಾಮೂ ಗಂಟಲು ಸರಿಮಾಡಿಕೊಂಡರು. "ಆ ಡ್ರೈವರಗ ಬಿಪಿ, ಶುಗರ್ ಏನರ ಅದ ಏನು?"

"ಶುಗರ್ ಸ್ವಲ್ಪ ಅದ ಭಾಯಿ."

"ಸೀರಿಯಸ್ ಏನಿಲ್ಲಲ್ಲ?"

ಮೊದಲು ನಕ್ಕವರು ಮಾಮಿ. ಆಮೇಲೆ ಇಡೀ ಮನೆ.

ಹೋದ ಶುಕ್ರವಾರ, ಜುಮ್ಮಾ ನಮಾಜಿನ ನಂತರ ನಿಕಾಹ ಆಯಿತು. ಬ್ಯಾಂಡಿಲ್ಲ, ಶಾಮಿಯಾನಾ ಇಲ್ಲ. ನಾನು ಎರಡು ದಿನ ಮೊದಲೇ ಹೋಗಿ ಕೂತಿದ್ದೆ. ಜೇವರ್ಗಿಯ ಜೀಪೂ ಬಂದಿತ್ತು, ಈ ಸಲ ಹನ್ನೊಂದು ಮಂದಿ. ಓಣಿಯಲ್ಲಿ ಒಂದಿಬ್ಬರು ನಕ್ಕರು, ನಿಜ. ಆದರೆ ಊಟಕ್ಕೆ ಅವರೂ ಬಂದರು.

ನಿಕಾಹದಲ್ಲಿ ಹೆಣ್ಣಿನ ಕಡೆಯಿಂದ ಒಬ್ಬರು ಒಳಗೆ ಹೋಗಿ, 'ಒಪ್ಪಿಗೆ ಇದೆಯೇ?' ಎಂದು ಅವಳನ್ನೇ ಮೂರು ಸಲ ಕೇಳಿ ಬರಬೇಕು. ಆ ಕೆಲಸಕ್ಕೆ ಎದ್ದು ನಿಂತವನು ಯೂಸುಫ್. ತಾಯಿಯ ಎದುರು ಮಂಡಿಯೂರಿ ಕೂತು ಕೇಳಿದ. ಮೊದಲನೇ ಸಲ ಅವನು ಮಾತನ್ನು ಅರ್ಧಕ್ಕೇ ಬಿಟ್ಟ. ಎರಡನೇ ಸಲ ಖಾಲಾ ಅವನ ತಲೆ ನೇವರಿಸಿದಳು. ಮೂರನೇ ಸಲ ಮಾತ್ರ ಅವಳ "ಹಾಂ" ಹೊರಗಿನ ಕಟ್ಟೆಯವರೆಗೂ ಕೇಳಿಸಿತು.

ಮರುದಿನ ಗಂಡ ಹೆಂಡತಿ ಅಫಜಲಪುರದ ಬಸ್ಸು ಹತ್ತಿದರು. ಖಾದರಸಾಬರು ಕಿಟಕಿಯ ಸೀಟನ್ನು ಅವಳಿಗೇ ಬಿಟ್ಟುಕೊಟ್ಟರು.

ನಿಮ್ಮ ಮನೆಯಲ್ಲೂ ಒಬ್ಬ ಖಾಲಾ, ಒಬ್ಬ ಚಿಕ್ಕಮ್ಮ, ಒಬ್ಬ ಸೋದರತ್ತೆ ಇರಬಹುದು. "ನಿನಗೇನು ಬೇಕು?" ಎಂದು ಅವಳನ್ನು ನೀವು ಕೊನೆಯ ಸಲ ಕೇಳಿದ್ದು ಯಾವಾಗ?